ಒಂಟಿಗಾಲಿಯ ಮೇಲೆ ಅಕ್ಕನ ಕೈ

ಅವತ್ತು ಮೊದಲು ಕೈ ಬಿಟ್ಟವರು ಯಾರು ಎಂಬುದು ನನಗೆ ಗೊತ್ತಿಲ್ಲ. ಗೊತ್ತಿದೆ ಎಂದೇ ಎರಡು ವರ್ಷ ಹೇಳಿಕೊಂಡು ಬಂದೆ. ಆಸ್ಪತ್ರೆಯಲ್ಲಿ ಭಾವನಿಗೆ ಹೇಳಿದೆ, ಹುಕ್ಕೇರಿಯ ಅವರ ಮನೆಯಲ್ಲಿ ಎಲ್ಲರೆದುರು ಹೇಳಿದೆ, ಎಚ್ಚರವಾದ ಮೇಲೆ ಅಕ್ಕನಿಗೂ ಹೇಳಿದೆ: "ನೀನ ಗಾಬರ್‍ಯಾಗಿ ಕೈ ಬಿಟ್ಟಿ, ಅಕ್ಕಾ." ಹೇಳಿದಷ್ಟೂ ಆ ದೃಶ್ಯ ಗಟ್ಟಿಯಾಗುತ್ತ ಹೋಯಿತು. ಈಗ ಯೋಚಿಸಿದರೆ, ಗಟ್ಟಿಯಾದದ್ದು ಬರೀ ನನ್ನ ಮಾತು ಇರಬಹುದು.

ಉದಾಹರಣೆಗೆ, ಆ ದೃಶ್ಯದಲ್ಲಿ ಒಂದು ಕಬ್ಬಿನ ಟ್ರ್ಯಾಕ್ಟರ್ ಇದೆ. ಸ್ಪೀಕರ್ ಡಬ್ಬಿಯಿಂದ ಹಾಡು ಕಿರುಚಿಕೊಂಡು ನಮ್ಮ ಬಾಜೂ ಹಾದುಹೋಗುತ್ತದೆ, ಅಕ್ಕ ಅತ್ತ ತಿರುಗುತ್ತಾಳೆ, ಬೆರಳು ಜಾರುತ್ತದೆ. ಆದರೆ ಅದು ದಸರೆಯ ರಜೆ. ಸಕ್ಕರೆ ಕಾರ್ಖಾನೆಗಳು ಇನ್ನೂ ಶುರುವಾಗಿರಲಿಲ್ಲ, ಕಬ್ಬು ಹೊಲದಲ್ಲೇ ನಿಂತಿತ್ತು. ಟ್ರ್ಯಾಕ್ಟರ್ ಎಲ್ಲಿಂದ ಬಂತು? ಕಿವಿಯಲ್ಲಿ ಮಾತ್ರ ಆ ಹಾಡು ಇನ್ನೂ ಇದೆ.

ನಾನು ಗೋಕಾಕದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಕಾಲೇಜು ಮುಚ್ಚಿ ಎಲ್ಲರೂ ಮನೆಯಲ್ಲಿ ಕೂತಿದ್ದ ದಿನಗಳಲ್ಲಿ ಒಂಟಿಗಾಲಿಯ ಸೈಕಲ್ಲೊಂದನ್ನು ತರಿಸಿದೆ. ಒಂದು ಗಾಲಿ, ಅದರ ನಡುವಿಗೇ ಕ್ರ್ಯಾಂಕ್ ಎಂಬ ಮೋಟು ತೋಳಿನಿಂದ ಕೂಡಿಸಿದ ಎರಡು ಪೆಡಲ್, ಮೇಲೊಂದು ಸೀಟು. ಬ್ರೇಕಿಲ್ಲ, ಹ್ಯಾಂಡಲ್ಲಿಲ್ಲ. ಕಂಪೌಂಡು ಗೋಡೆ ಹಿಡಿದು ಎರಡು ತಿಂಗಳು ಬಿದ್ದೆ. ಎದುರು ಮನೆಯವರು ದಿನಾ ಮಾಳಿಗೆಯಿಂದ ಕೇಳುತ್ತಿದ್ದರು: "ಏನ್ರಿ ಸರ, ಇನ್ನೊಂದ್ ಗಾಲಿ ಯಾರಿಗೆ ಕೊಟ್ಟ ಬಂದ್ರಿ?"

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು, ಹುಕ್ಕೇರಿಯಲ್ಲಿ ಶಾಲೆಯ ಟೀಚರು. ರಜೆಗೆ ಬಂದವಳು ಒಂದು ಮಧ್ಯಾಹ್ನ ಚೂಡಿದಾರದ ಕಾಲು ಮಡಚಿ ಹತ್ತಿಯೇಬಿಟ್ಟಳು. ನಾನು ಎರಡು ತಿಂಗಳಲ್ಲಿ ಕಲಿತದ್ದನ್ನು ಅವಳು ಹದಿನೈದು ದಿನದಲ್ಲಿ ಕಲಿತಳು. ಹೇಗೆ ಎಂದು ಕೇಳಿದೆ.

"ನೀ ಕೆಳಗ ನೋಡ್ತಿ. ನಾ ದೂರ ನೋಡ್ತೇನಿ. ಇಷ್ಟ ಐತಿ," ಎಂದಳು. "ಎಂಎಸ್ಸಿ ಮಾಡಿದವ್ರಿಗೆ ತಿಳಿಯೂದಿಲ್ಲ ಬಿಡು."

ಮುಂದಿನ ರಜೆಗೆ ಅವಳಿಗೂ ಒಂದು ಗಾಲಿ ಬಂತು, ನನ್ನದಕ್ಕಿಂತ ನಾಲ್ಕಿಂಚು ದೊಡ್ಡದು. ಇಬ್ಬರೂ ಕೈ ಹಿಡಿದು ಓಡಿಸುವುದನ್ನು ಕಲಿತೆವು. ಒಬ್ಬರ ತೂಗಾಟ ಇನ್ನೊಬ್ಬರ ತೋಳಿನಲ್ಲಿ ಸತ್ತುಹೋಗುತ್ತದೆ. ಒಬ್ಬೊಬ್ಬರೇ ಇದ್ದಾಗ ಹೆದರುವ ಉಬ್ಬು, ತಗ್ಗು ಇಬ್ಬರಿದ್ದಾಗ ಗೊತ್ತೇ ಆಗುವುದಿಲ್ಲ. ಅಷ್ಟು ಹಗುರವಾಗಿ ನಾನು ಬೇರೆ ಯಾವಾಗಲೂ ಇರಲಿಲ್ಲ. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಅವಳು ಬಿದ್ದದ್ದು ಅಂಕಲಗಿ ರಸ್ತೆಯ ಸಣ್ಣ ಇಳಿಜಾರಿನಲ್ಲಿ. ಬಲಗಾಲು ಗಾಳಿಯಲ್ಲಿ ಹಾರಿದ್ದನ್ನು ಕಂಡೆ, ಅಥವಾ ಕಂಡೆ ಎಂದುಕೊಂಡೆ. ಬಲ ಮೊಳಕೈ ಮುರಿಯಿತು, ತಲೆಗೆ ಪೆಟ್ಟಾಯಿತು. ಎರಡು ದಿನದ ಮೇಲೆ ಎಚ್ಚರವಾದಾಗ ಆ ದಿನವೇ ಅವಳ ತಲೆಯಲ್ಲಿ ಇರಲಿಲ್ಲ. ಬೆಳಿಗ್ಗೆ ತಿಂದ ಅವಲಕ್ಕಿಯೂ ಇಲ್ಲ, ರಸ್ತೆಯೂ ಇಲ್ಲ.

"ಹೆಂಗ ಬಿದ್ನೋ ತಮ್ಮಾ?" ಎಂದು ಕೇಳಿದಳು. ನಾನು ಹೇಳಿದೆ. ಒಂದು ಕ್ಷಣವೂ ತಡೆಯದೆ ಹೇಳಿದೆ. ಅವಳು, "ನಾ ಇಷ್ಟ ಪುಕ್ಕಲಿ ಅಂತ ನನಗ ಗೊತ್ತಿದ್ದಿಲ್ಲ," ಎಂದಳು.

ಆಮೇಲೆ ಅವಳು ಸ್ಕೂಟಿ ಮಾರಲು ಹೇಳಿದಳು. ಶಾಲೆಗೆ ಹೋಗುವಾಗ ರಸ್ತೆ ದಾಟಲು ಯಾರಾದರೂ ಬರಲಿ ಎಂದು ಕಾಯತೊಡಗಿದಳು. ಕೈ ಮೇಲೇಳದೆ ಕರಿಹಲಗೆಯ ಕೆಳಗಿನ ಅರ್ಧದಲ್ಲೇ ಬರೆಯುತ್ತಾಳೆ. ಅದು ಮೊಳಕೈಯ ಕಾರಣ. ಆದರೆ ಮಾಳಿಗೆಯ ಮೆಟ್ಟಿಲು ಇಳಿಯುವಾಗ ಗೋಡೆ ಸವರುವುದು ಮೊಳಕೈಯ ಕಾರಣ ಅಲ್ಲ. ಹುಡುಗಿಯಾಗಿದ್ದಾಗ ಬಾವಿಯ ಕಟ್ಟೆಯ ಮೇಲೆ ಓಡುತ್ತಿದ್ದವಳು. ಒಮ್ಮೆ ನಾನು ಬೈದಾಗ, "ನನಗ ಆ ದಿನ ನೆನಪಿಲ್ಲ. ನೀ ಹೇಳಿದ್ದ ನನ್ನ ನೆನಪು," ಎಂದಳು.

ನನಗೆ ನಿದ್ದೆ ಕೆಟ್ಟದ್ದು ಆ ಮಾತಿಗೆ. ನಾನು ಹೇಳಿದ್ದು ಸುಳ್ಳಾಗಿದ್ದರೆ? ನನ್ನ ಕೈಯೇ ಬಿಟ್ಟಿದ್ದರೆ?

ಪರೀಕ್ಷೆ ಮಾಡಿ ತಿಳಿಯಬಹುದು ಎಂದು ನನಗೆ ಅನಿಸಿತು. ಓದಿದವರ ರೋಗ ಇದು. ಗಾಬರಿಯಾದ ಕೈ ಬಿಗಿಯುತ್ತದೆಯೋ, ಬಿಚ್ಚುತ್ತದೆಯೋ? ಅದನ್ನು ನೋಡಲು ನಾನೇ ಹೆದರಬೇಕು. ಆದರೆ ನನ್ನ ಹಳೆಯ ಗಾಲಿಯ ಮೇಲೆ ನನಗೆ ಹೆದರಿಕೆ ಉಳಿದಿರಲಿಲ್ಲ. ಹಾಗಾಗಿ ಹಿಂದಕ್ಕೆ ಓಡಿಸುವುದನ್ನು ಕಲಿತೆ. ನಿಂತಲ್ಲೇ ಹಿಂದೆ ಮುಂದೆ ಜೋಲಿ ಹೊಡೆಯುತ್ತ ನಿಲ್ಲುವುದನ್ನು ಕಲಿತೆ. ಒಂದೇ ಕಾಲಲ್ಲಿ ತುಳಿಯುವುದನ್ನು ಕಲಿತೆ. ಪ್ರತಿಯೊಂದರಲ್ಲೂ ಕೆಲವು ದಿನ ಹೆದರಿಕೆ ಇರುತ್ತಿತ್ತು, ಆಮೇಲೆ ರೂಢಿಯಾಗುತ್ತಿತ್ತು. ರೂಢಿಯಾದ ಕೂಡಲೇ ಅದು ನನಗೆ ನಿರುಪಯೋಗಿ. ಜನ ರೂಢಿಯಾಗಲಿ ಎಂದು ಕಲಿಯುತ್ತಾರೆ. ನಾನು ಹೆದರಿಕೆ ಮುಗಿದುಹೋಯಿತಲ್ಲ ಎಂದು ಕಂಗಾಲಾಗಿ ಮುಂದಿನದಕ್ಕೆ ಓಡುತ್ತಿದ್ದೆ. ಕಾಲೇಜಿನಲ್ಲಿ ಪಾಠ ಹೇಳುವಾಗ ಎರಡೂ ಮುಂಗೈಗೆ ಬ್ಯಾಂಡೇಜು ಇರುತ್ತಿತ್ತು.

ಎತ್ತರ ಬೇಕೆನಿಸಿತು. ಮೂಡಲಗಿಯಲ್ಲಿ ಕೂರಿಗೆ, ಟ್ರಾಲಿ ಮಾಡುವ ಒಬ್ಬ ವೆಲ್ಡರನ ಹತ್ತಿರ ಹೋದೆ. ಕುರಿ ಕಾಯುವ ಮನೆತನದವನು, ಆರಡಿ ಆಳು, ಮಾತಿಗೆ ಮೊದಲೇ ನಗುವವನು. ಸೀಟು ನನ್ನ ತಲೆಯಷ್ಟು ಮೇಲಿರಬೇಕು ಎಂದೆ.

"ಅಷ್ಟ ಮ್ಯಾಲ ಕುಂತ್ರ ಊರೆಲ್ಲ ಕಾಣ್ತೈತ್ರಿ, ಖರೆ," ಎಂದ. "ಇಳಿಯೂದು ಹೆಂಗ್ರಿ ಸರ?"

"ಬೀಳೂದು."

"ಹಂಗಾದ್ರ ಸೋವಿ ಆತು. ಏಣಿ ಮಾಡೂದು ಬ್ಯಾಡ."

ಚೈನಿನ ಗೊಡವೆ ಬೇಡವೆಂದು ಅವನು ಒಂದು ಗಾಲಿಯ ಮೇಲೆ ಇನ್ನೊಂದನ್ನು ಒತ್ತಿ ಕೂಡಿಸಿದ. ಮೇಲಿನದನ್ನು ತುಳಿದರೆ ಅದು ಕೆಳಗಿನದನ್ನು ತಿಕ್ಕಿ ತಿರುಗಿಸಬೇಕು. ನಾನು ಹತ್ತಿ ಮುಂದಕ್ಕೆ ತುಳಿದೆ. ಅದು ಹಿಂದಕ್ಕೆ ಹೋಯಿತು, ನಾನು ಮೂತಿ ಅಡಿಯಾಗಿ ಬಿದ್ದೆ. ಒಂದಕ್ಕೊಂದು ತಾಗಿದ ಗಾಲಿಗಳು ವಿರುದ್ಧ ದಿಕ್ಕಿಗೆ ತಿರುಗುತ್ತವೆ, ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವ ಪಾಠವೇ. ಅವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಬೈಯುವುದನ್ನು ಬಿಟ್ಟು ನಾನು ಖುಷಿಪಟ್ಟೆ. ಉಲ್ಟಾ ತುಳಿಯುವ ಗಾಲಿಯ ಹೆದರಿಕೆ ಬಹಳ ದಿನ ಉಳಿಯುತ್ತದೆ.

ಮಸಗುಪ್ಪಿಯಲ್ಲಿ ವೆಲ್ಡರನ ಬೀಗರದೊಂದು ಗೋವಿನಜೋಳ ಒಣಗಿಸುವ ಸಿಮೆಂಟಿನ ಕಣವಿತ್ತು. ಅಲ್ಲಿ ಭಾನುವಾರ ನಾನು ಆ ಎತ್ತರದ ಗಾಲಿಯ ಮೇಲೆ, ಅವನು ಕೆಳಗೆ ನನ್ನ ಕೈ ಹಿಡಿದು ಓಡುತ್ತ. ಕರಾರು ಇಷ್ಟೇ: ಬಿದ್ದ ಕೂಡಲೇ, ಬೇರೆ ಮಾತಿಲ್ಲದೆ, ಮೊದಲು ಕೈ ಬಿಟ್ಟವರು ಯಾರೆಂದು ಇಬ್ಬರೂ ಹೇಳಬೇಕು. ಮೊದಲ ಸಲ ಬಿದ್ದೆ.

"ನೀವ ಬಿಟ್ರಿ," ಎಂದ.

"ಇಲ್ಲೋ, ನೀನ."

"ನನ್ನ ಕೈ ಇನ್ನೂ ಹಂಗ ಐತಲ್ರಿ, ನೋಡ್ರಿ!" ಎಂದು ಮುಷ್ಟಿ ತೋರಿಸಿದ. ಒಳಗೆ ಗಾಳಿ ಬಿಟ್ಟರೆ ಏನೂ ಇರಲಿಲ್ಲ.

ಮತ್ತೆ ಬಿದ್ದೆ. ಈ ಸಲ ನಾನು ಬಿಟ್ಟೆ ಎಂದು ನಾನೇ ಒಪ್ಪಿಕೊಂಡೆ. ಅವನು, "ಇಲ್ರಿ, ಈ ಸಲ ಖರೇನ ನಾ ಬಿಟ್ಟೆ, ಬೀಡಿ ಬೀಳಾಕತ್ತಿತ್ತು," ಎಂದ. ಬಿಸಿಲೇರುವವರೆಗೂ ಬಿದ್ದೆ. ಎಷ್ಟು ಸಲ ನಮ್ಮ ಮಾತು ಕೂಡಿತು, ಎಷ್ಟು ಸಲ ಕೂಡಲಿಲ್ಲ ಎಂಬುದನ್ನು ಬರೆದಿಟ್ಟುಕೊಳ್ಳಲೇ ಇಲ್ಲ, ಏಕೆಂದರೆ ಬರೆಯುವಂಥದ್ದೇನೂ ಇರಲಿಲ್ಲ. ಬಿದ್ದು ಇನ್ನೂ ಧೂಳು ಇಳಿಯುವ ಮೊದಲೇ ಇಬ್ಬರಿಗೆ ಎರಡು ನೆನಪು. ನಾನು ಕಣದ ಮೇಲೆ ಹಾಗೇ ಕೂತುಬಿಟ್ಟೆ. ಅರ್ಧ ನಿಮಿಷದ ಹಿಂದಿನದೇ ಗೊತ್ತಿಲ್ಲದವನು ಅಕ್ಕನಿಗೆ ಒಂದು ಇಡೀ ದಿನವನ್ನು ಹೇಳಿಕೊಟ್ಟಿದ್ದೆ. ವೆಲ್ಡರ ನೀರು ತಂದುಕೊಟ್ಟ. "ಸರ, ಮನ್ಯಾಗ ಯಾರರ ತೀರ್‍ಕೊಂಡಾರೇನ್ರಿ?" ಎಂದು ಮೆಲ್ಲಗೆ ಕೇಳಿದ.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲು ಆಗಲಿಲ್ಲ. ದಪ್ಪ ಟಯರಿನ, ಹೊಲದಲ್ಲಿ ಓಡಿಸುವ ಒಂಟಿಗಾಲಿಯೊಂದನ್ನು ತರಿಸಿ, ಕೌಜಲಗಿಯ ಕಡೆ ಎರೆಹೊಲದ ದಾರಿಯಲ್ಲಿ ಓಡಿಸಿದೆ. ಬೀಳುವುದೇ ಪ್ರಾಯಶ್ಚಿತ್ತ ಎಂದುಕೊಂಡಿದ್ದೆನೇನೋ, ಪ್ರಾಯಶ್ಚಿತ್ತವನ್ನು ನಂಬದವನು. ಎರಡನೆಯ ವಾರ ಟಯರಿಗೆ ಜಾಲಿಮುಳ್ಳು ಹೊಕ್ಕಿತು.

ಅದನ್ನು ಅಂಕಲಗಿ ರಸ್ತೆಯ ಬದಿಯ ಪಂಕ್ಚರ್ ಅಂಗಡಿಗೆ ಒಯ್ದೆ. ಅಂಗಡಿಯ ಕಾಕಾ ಗಾಲಿಯನ್ನು ಬಿಚ್ಚುವ ಮೊದಲು ಸೀಮೆಸುಣ್ಣದಿಂದ ಒಂದು ಕಡೆ ಗುರುತು ಹಾಕಿದರು.

"ಅದ್ಯಾಕ ಕಾಕಾ?"

"ಯಾವ ಕಡಿ ಯಾವ್ದು ಅಂತ ಗೊತ್ತಾಗ್ಬೇಕಲ್ರಿ. ಹ್ವಾದ ಸಲ ಅಕ್ಕಾವ್ರದು ಬಿಚ್ಚಿದಾಗ ನನಗೂ ತಿಳೀಲಿಲ್ಲ, ನಿಮಗೂ ತಿಳೀಲಿಲ್ಲ."

"ಅಕ್ಕಂದು ಇಲ್ಲಿ ಬಿಚ್ಚಿದ್ದು ಯಾವಾಗ?"

ಅವರು ಕೈಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು. "ಅವ್ರು ಬಿದ್ದ ದಿನಾನ ಅಲ್ಲೇನ್ರಿ? ಮುಂಜಾನಿ ಇಬ್ರೂ ಬಂದಿದ್ರಿ. ಮುಳ್ಳ ಹೊಕ್ಕಿತ್ತು. ನಾ ಕೇಳಿದೆ, ಸರ, ಯಾವ ಕಡಿ ತಿರುಗಿಸಿ ಕೂಡಿಸ್ಲಿ ಅಂತ. ನೀವ ಅಂದ್ರಿ, ಗಾಲಿ ಗುಂಡಗ ಐತಿ ಕಾಕಾ, ಯಾವ ಕಡಿ ಹಾಕಿದ್ರೇನು. ಅಕ್ಕಾವ್ರು ನಕ್ರು."

ನನಗೆ ಆ ಮುಂಜಾನೆ ನೆನಪಿಲ್ಲ. ಈಗಲೂ ಇಲ್ಲ. ಆದರೆ ಆ ಮಾತು ನನ್ನದೇ. ಅದನ್ನು ಇನ್ನಾರೂ ಆಡಲಾರರು. "ಹಂಗ ಹಾಕಿದ್ರ ಏನಾಗ್ತೈತಿ?" ಎಂದು ಕೇಳಿದೆ.

"ಎಡಗಾಲಿನ ಪೆಡ್ಲಿಂದು ಥ್ರೆಡ್, ಅಂದ್ರ ತಿರುಪು, ಉಲ್ಟಾ ಇರ್ತೈತ್ರಿ. ಅದರ ಜಾಗಾದಾಗ ಇದ್ರ ತುಳದಂಗ ತುಳದಂಗ ಬಿಗೀತೈತಿ. ಗಾಲಿ ತಿರುವಿ ಹಾಕಿ ಅದು ಬಲಕ್ಕ ಬಂತಂದ್ರ, ತುಳದಂಗ ತುಳದಂಗ ಸಡ್ಲ. ಸೈಕಲ್ಲಿನ್ಯಾಗ ಗಾಲಿ ಬಿಚ್ಚಿದ್ರ ಪೆಡ್ಲ ಸಂಗಾಟ ಬರೂದಿಲ್ಲ, ಅದಕ್ಕ ನನಗ ಅವತ್ತ ಹೊಳೀಲಿಲ್ಲ. ಆಮ್ಯಾಲ ಹೊಳೀತು. ನಿಮಗ ಹೇಳೂಣಂದ್ರ ನೀವ ಈ ಕಡಿ ಬರ್ಲೇ ಇಲ್ಲ."

ಅಂದರೆ ಅಲ್ಲಿಂದ ಹೊರಟ ಮೇಲೆ ಅವಳು ತುಳಿದ ಒಂದೊಂದು ಸುತ್ತೂ ಅವಳ ಕಾಲಕೆಳಗಿನ ಪೆಡಲನ್ನು ಬಿಚ್ಚುತ್ತಿತ್ತು. ಅವಳು ಹೆದರಿ ಕಾಲು ಎತ್ತಿರಲಿಲ್ಲ. ಕಾಲಕೆಳಗೆ ಏನೂ ಇರಲಿಲ್ಲ. ಅಥವಾ ಕಾಕಾ ತಪ್ಪಾಗಿ ನೆನಪಿಟ್ಟಿರಬಹುದು. ಅವರ ನೆನಪನ್ನು ಮಾತ್ರ ಯಾಕೆ ನಂಬಬೇಕು?

ಮರುದಿನ ಹುಕ್ಕೇರಿಗೆ ಹೋದೆ. ಅಕ್ಕ ಶಾಲೆಯಿಂದ ಬಂದು ಚಹಾಕ್ಕೆ ಇಟ್ಟಿದ್ದಳು. ಒಲೆಯ ಬಾಜೂ ನಿಂತೇ ಎಲ್ಲ ಹೇಳಿದೆ. ಅವಳು ಗ್ಯಾಸು ಆರಿಸಿದಳು.

"ಹಂಗಾದ್ರ ನಾ ಅಂಜಿದ್ದಿಲ್ಲೇನ?"

"ಗೊತ್ತಿಲ್ಲ, ಅಕ್ಕಾ."

"ಕೈ?"

"ಅದೂ ಗೊತ್ತಿಲ್ಲ. ನಾನ ಬಿಟ್ಟಿರಬಹುದು. ಮೊದಲಿಂದನೂ ನನಗ ಗೊತ್ತಿದ್ದಿಲ್ಲ."

"ಗೊತ್ತಿಲ್ಲ ಅನ್ನೂ ಮಾತು ನಿನ್ನ ಬಾಯಾಗ ಬರಾಕ ಎರಡ ವರ್ಷ ಬೇಕಾತೇನೋ?" ಅವಳು ಅಳಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಎರಡ ವರ್ಷ ನಾ ಗ್ವಾಡಿ ಹಿಡ್ಕೊಂಡ ಅಡ್ಡ್ಯಾಡೇನಿ."

ಅವಳೇ ಮುಂದಾಗಿ ಹಿತ್ತಲಿನ ಕಟ್ಟಿಗೆಯ ಕೋಣೆಗೆ ನಡೆದಳು. ಗಾಲಿ ಅಲ್ಲೇ ಇತ್ತು. ಭಾವ ಅವತ್ತು ಎಸೆದ ಹಾಗೇ, ಬಿದ್ದ ಮೇಲೆ ಯಾರೂ ಮುಟ್ಟಿರಲಿಲ್ಲ. ಬಲಗಡೆಯ ಪೆಡಲ್ ಇರಲಿಲ್ಲ. ಬಿದ್ದ ಹೊಡೆತಕ್ಕೆ ಕಿತ್ತುಹೋಗಿದೆ ಎಂದು ಎಲ್ಲರೂ ಅಂದುಕೊಂಡಿದ್ದೆವು. ಅಕ್ಕ ಅದನ್ನು ಎಡಗೈಯಲ್ಲಿ ಎಳೆದು ಬಿಸಿಲಿಗೆ ತಂದು, ಸೀಟಿನ ಮುಂಭಾಗ ತನ್ನಿಂದಾಚೆಗೆ ಬರುವಂತೆ ನಿಲ್ಲಿಸಿದಳು.

ಟ್ರ್ಯಾಕ್ಟರ್ ಇತ್ತೋ ಇಲ್ಲವೋ ಹೇಳಲಾರೆ. ಕೈಯ ಬಗ್ಗೆ ಹೇಳಲಾರೆ. ಪಂಕ್ಚರ್ ಅಂಗಡಿಯಲ್ಲಿ ನಾನು ನಿಂತಿದ್ದೂ ನನಗೆ ಬೇರೆಯವರು ಹೇಳಿ ಗೊತ್ತು. ಇದೊಂದನ್ನು ಮಾತ್ರ ಅಕ್ಕ ಸೆರಗಿನಿಂದ ತುಕ್ಕು ಒರೆಸಿ ಮೊದಲು ಓದಿದಳು, ಆಮೇಲೆ ನಾನು ಬಗ್ಗಿ ಓದಿದೆ, ನನ್ನನ್ನು ನಾನೇ ನಂಬದೆ ಫೋಟೋ ತೆಗೆದುಕೊಂಡೆ: ಪೆಡಲ್ ಕಳಚಿಹೋಗಿದ್ದ ಬಲಗಡೆಯ ಕ್ರ್ಯಾಂಕಿನ ಮೇಲೆ, ಎಡಗಡೆಗೆ ಕೂಡಿಸಬೇಕಾದದ್ದು ಎಂದು ಸೂಚಿಸುವ ಇಂಗ್ಲಿಷಿನ ಎಲ್ ಅಕ್ಷರ ಕೊರೆದಿತ್ತು.