ಮೇಲಿನ ಇಳಿಜಾರು ಬಂದ್

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ಕೇಳಿಸಿಕೊಂಡು ಸುಮ್ಮನಾಗುತ್ತಿದ್ದೆ, ನಂಬುತ್ತಿರಲಿಲ್ಲ. ತಮ್ಮ ತವರಿನಲ್ಲಿ ಸತ್ತವರು ಹೆಸರು ಹಿಡಿದು ಕೂಗಿದ ಕಥೆಯನ್ನು ನಮ್ಮ ಅತ್ತೆಯವರು ಹೇಳುವಾಗ ಒಳಗೊಳಗೇ ನಗುತ್ತಿದ್ದೆ. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆ ಎನ್ನಲೂ ಬಾಯಿ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿಮಗೆ ತೋಚಿದಂತೆ ತಿಳಿದುಕೊಳ್ಳಿ.

ಕೆಲವು ವರ್ಷಗಳ ಹಿಂದೆ ನಾನು ಹುಬ್ಬಳ್ಳಿಯ ಬೈರಿದೇವರಕೊಪ್ಪದ ಒಂದು ಚಿಕ್ಕ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಎಂಥ ಕೆಲಸವೆಂದು ಹೇಳಿದರೆ ಬಳಗದವರಿಗೆ ತಮಾಷೆ ಎನಿಸುತ್ತಿತ್ತು. ಯುರೋಪಿನ ಬೆಟ್ಟವೊಂದರ ಮೇಲೆ ಒಂದು ಸ್ಕೀ ರೆಸಾರ್ಟ್. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರಲು ಜನ ಅಲ್ಲಿಗೆ ಬರುತ್ತಾರೆ. ರಾತ್ರಿ ಎಷ್ಟು ಹಿಮ ಬಿತ್ತು, ಗಾಳಿ ಹೇಗಿದೆ, ಯಾವ ಇಳಿಜಾರು ತೆರೆದಿದೆ, ಯಾವುದು ಬಂದ್ ಎಂಬ ದಿನದ ವರದಿಯನ್ನು ಅವರ ವೆಬ್‌ಸೈಟಿಗೆ ಹಾಕುವವಳು ನಾನು. ಹಿಮವನ್ನು ಕಣ್ಣಾರೆ ಕಂಡವಳಲ್ಲ.

ಅಲ್ಲಿ ಬೆಳಕು ಹರಿಯುವ ಹೊತ್ತಿಗೆ ನಮ್ಮಲ್ಲಿ ಮಧ್ಯಾಹ್ನದ ಊಟ ಹತ್ತಿರವಾಗಿರುತ್ತಿತ್ತು. ಆಗ ರೆಸಾರ್ಟಿನ ಮಾರ್ಟಿನ್ ಫೋನ್ ಮಾಡುತ್ತಿದ್ದರು. ನಸುಕಿನಲ್ಲೇ ಎದ್ದು ಇಳಿಜಾರುಗಳನ್ನು ಪರೀಕ್ಷಿಸುವುದು ಅವರ ಕೆಲಸ. ಇಂಗ್ಲಿಷ್ ಅವರ ಮನೆಯ ಮಾತೂ ಅಲ್ಲ, ನನ್ನದೂ ಅಲ್ಲ. ಹೀಗಾಗಿ ಇಬ್ಬರೂ ನಿಧಾನವಾಗಿ ಮಾತಾಡುತ್ತಿದ್ದೆವು.

ಆ ದಿನ ಅವರ ನಂಬರಿನಿಂದ ಕರೆ ಎಂದಿಗಿಂತ ಬೇಗ ಬಂತು. ಎತ್ತಿಕೊಂಡೆ. ಜೋರು ಗಾಳಿಯ ಸದ್ದು. ಅದರ ನಡುವೆ ವಯಸ್ಸಾದ ಗಂಡಸಿನ ಧ್ವನಿ, ಅಚ್ಚ ನಮ್ಮ ಕಡೆಯ ಕನ್ನಡದಲ್ಲಿ ಹೇಳಿತು: "ನೋಡವಾ, ಮ್ಯಾಲಿನ ಇಳಿಜಾರು ಬಂದ್ ಅಂತ ಬರಿ. ಹೊಸಾ ಹಿಮ ಹಳೇದರ ಮ್ಯಾಲ ಕುಂತಿಲ್ಲ. ಹುಡುಗೂರು ಬರಾಕತ್ತಾವು."

"ಯಾರ್ರೀ ನೀವು?" ಎಂದೆ. ಮತ್ತೆ ಗಾಳಿ, ಆಮೇಲೆ ಕರೆ ಕಡಿಯಿತು.

ಯಾರೋ ಚೇಷ್ಟೆ ಮಾಡಿದರೆಂದು ಸಿಟ್ಟಿನಿಂದ ಸುತ್ತ ನೋಡಿದೆ. ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿದ್ದರು. ಅಷ್ಟರಲ್ಲಿ ರೆಸಾರ್ಟಿನ ಆಫೀಸಿನಿಂದ ಸಂದೇಶ ಬಂತು. ಗಾಳಿಯಿಲ್ಲ, ಆಕಾಶ ತಿಳಿಯಾಗಿದೆ, ಎಲ್ಲ ಇಳಿಜಾರುಗಳೂ ತೆರೆದಿವೆ. ಮೇಲಿನದಕ್ಕೆ ಮೊದಲು ಶಾಲೆಯ ಮಕ್ಕಳ ತಂಡ ಹೋಗಲಿದೆ. ಅದನ್ನು ಎರಡು ಸಲ ಓದಿದೆ.

ನಮ್ಮ ತಂಡದ ಮುಖ್ಯಸ್ಥ ರಿಯಾಜ್ ನನಗಿಂತ ಚಿಕ್ಕವನು, ತೂಕದ ಮನುಷ್ಯ. ಅವನಿಗೆ ಎಲ್ಲ ಹೇಳಿದೆ. ಅವನು ನಗಲಿಲ್ಲ.

"ಅಕ್ಕಾರ, ತೆರದೇವಿ ಅಂತ ಅವರ ಬರದು ಕಳಿಸ್ಯಾರ. ಹುಬ್ಬಳ್ಯಾಗ ಕುಂತು ನಾವು ಹ್ಯಾಂಗ ಬಂದ್ ಮಾಡೂದು?"

ಅವನ ಮಾತು ಸರಿಯಾಗಿಯೇ ಇತ್ತು. ಕೀಬೋರ್ಡಿನ ಮೇಲೆ ಬೆರಳಿಟ್ಟೆ, ಒತ್ತಲಾಗಲಿಲ್ಲ. "ನನಗ ಇದನ್ನ ಹಾಕಾಕ ಆಗವಲ್ದು, ರಿಯಾಜ್" ಎಂದೆ. ಅವನು ಮೇಜಿನ ಮೇಲಿದ್ದ ಫೋನನ್ನು ನನ್ನತ್ತ ಸರಿಸಿದ.

"ಹಂಗಾರ ಅವರಿಗೇ ಫೋನ್ ಹಚ್ರಿ. ಬೈಸ್ಕೊಂಡ್ರ ಇಬ್ಬರೂ ಬೈಸ್ಕೊಳ್ಳೂನು."

ಹಚ್ಚಿದೆ. ಮಾರ್ಟಿನ್ನರ ನಂಬರಿನಿಂದ ಯಾರೋ ಹೀಗೆ ಹೇಳಿದರು ಎಂದಾಗ ರೆಸಾರ್ಟಿನ ಆಫೀಸಿನ ಹೆಂಗಸು ಬೇಸರದಿಂದಲೇ ಉತ್ತರಿಸಿದಳು. ಮಾರ್ಟಿನ್ನರ ಫೋನು ನಿನ್ನೆ ಸಂಜೆಯೇ ಮೇಲಿನ ಇಳಿಜಾರಿನಲ್ಲಿ ಬಿದ್ದು ಹಿಮದಲ್ಲಿ ಹೂತುಹೋಗಿದೆ, ಹುಡುಕಿದರೂ ಸಿಕ್ಕಿಲ್ಲ, ಅವರು ಇಲ್ಲೇ ನನ್ನ ಪಕ್ಕದಲ್ಲಿದ್ದಾರೆ ಎಂದಳು. ಫೋನನ್ನು ಮಾರ್ಟಿನ್ ತೆಗೆದುಕೊಂಡರು. ಆ ಮನುಷ್ಯ ಹೇಳಿದ್ದೇನೆಂದು ಕೇಳಿದರು. ಹೊಸ ಹಿಮ ಹಳೆಯದರ ಮೇಲೆ ಕೂತಿಲ್ಲವಂತೆ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ತಿಳಿಸಿದೆ. ಹಾಗೆ ಕೂರದ ಹಿಮ ಯಾವ ಗಳಿಗೆಯಲ್ಲಾದರೂ ಜಾರಿ ಬರುತ್ತದೆಂದು ಅವರಿಗೆ ಗೊತ್ತಿತ್ತು. ಯಾರು ಹೇಳಿದರೆಂದೂ ಕೇಳಲಿಲ್ಲ. ಮಕ್ಕಳನ್ನು ಕೆಳಗೇ ನಿಲ್ಲಿಸುತ್ತೇನೆ, ಮತ್ತೊಮ್ಮೆ ನೋಡುತ್ತೇನೆ ಎಂದು ಫೋನಿಟ್ಟರು.

ವರದಿ ಹಾಕುವ ಹೊತ್ತು ಮೀರುತ್ತಿತ್ತು. 'ಮೇಲಿನ ಇಳಿಜಾರು ಬಂದ್' ಎಂದು ಬರೆದು ಹಾಕಿದೆ. ರಿಯಾಜ್ ಕುರ್ಚಿ ಎಳೆದುಕೊಂಡು ಬಂದು ನನ್ನ ಮೇಜಿನ ಬಳಿ ಕೂತ. ಇಬ್ಬರೂ ಊಟದ ಡಬ್ಬಿ ಬಿಚ್ಚಲಿಲ್ಲ. ಏನೂ ಆಗದಿದ್ದರೆ ನನ್ನ ಕೆಲಸ ಹೋಗುತ್ತದೆ ಎಂದು ಗೊತ್ತಿತ್ತು; ಏನೂ ಆಗದಿರಲಿ ಎಂದೇ ಬೇಡಿಕೊಳ್ಳುತ್ತಿದ್ದೆ.

ಕೊನೆಗೆ ಆ ಹೆಂಗಸೇ ಫೋನ್ ಮಾಡಿದಳು. ಅಳುತ್ತಿದ್ದಳು. ಮಾರ್ಟಿನ್ ಮೇಲಕ್ಕೆ ಹೊರಡುವ ಮೊದಲೇ ಇಳಿಜಾರಿನ ಹಿಮವೆಲ್ಲ ಒಮ್ಮೆಗೇ ಕಿತ್ತುಕೊಂಡು ಕೆಳಗೆ ಬಂದಿತ್ತು. ಅಲ್ಲಿ ಯಾರೂ ಇರಲಿಲ್ಲ. ಮಕ್ಕಳು ಕೆಳಗೆ ಸಾಲಾಗಿ ನಿಂತು ನೋಡುತ್ತಿದ್ದರಂತೆ.

ನಮ್ಮ ಕರೆಗಳೆಲ್ಲ ಆಫೀಸಿನ ಕಂಪ್ಯೂಟರಿನಲ್ಲಿ ರೆಕಾರ್ಡ್ ಆಗುತ್ತಿದ್ದವು. ಆ ಧ್ವನಿಯನ್ನು ರಿಯಾಜನೂ ಕೇಳಲಿ, ನನಗೆ ತಲೆ ಕೆಟ್ಟಿಲ್ಲ ಎಂಬುದಾದರೂ ಗೊತ್ತಾಗಲಿ ಎಂದು ಸಂಜೆ ಅದನ್ನು ಹಾಕಿಸಿದೆ. ಮೊದಲು ಗಾಳಿ. ಗಂಡಸಿನ ಧ್ವನಿ ಎಲ್ಲೂ ಇರಲಿಲ್ಲ. ನಾನು "ಯಾರ್ರೀ ನೀವು?" ಎಂದು ಕೇಳಿದ್ದು ಮಾತ್ರ ಸ್ಪಷ್ಟವಾಗಿತ್ತು. ಮತ್ತೆ ಗಾಳಿ. ರಿಯಾಜ್ ನಿಲ್ಲಿಸಲು ಕೈ ಚಾಚಿದ. ಆಗ ನನ್ನದೇ ಧ್ವನಿ ಕೇಳಿಸಿತು, ಗುರುತು ಹತ್ತಿದವರ ಸಲಿಗೆಯಲ್ಲಿ: "ಆತು ಕಾಕಾ, ಹಂಗ ಬರೀತೇನಿ."

ನಾನು ಹಾಗೆ ಅಂದದ್ದು ನನಗೆ ನೆನಪಿಲ್ಲ. ಅಂದೂ ಇರಲಿಲ್ಲ, ಇಂದೂ ಇಲ್ಲ.

"ಯಾವ ಕಾಕಾರೀ, ಅಕ್ಕಾರ?" ಎಂದು ರಿಯಾಜ್ ಮೆಲ್ಲಗೆ ಕೇಳಿದ.

ಕಾಕಾ ಎಂದರೆ ಅಪ್ಪನ ತಮ್ಮ; ಅಂಗಡಿಯವರನ್ನೂ ರಿಕ್ಷಾದವರನ್ನೂ ನಾವು ಹಾಗೆ ಕರೆಯುತ್ತೇವೆ, ನಿಜ. ಆದರೆ ಆ ಸಲಿಗೆ ಬೇರೆ. ಮನೆಯ ಹಿರಿಯರೊಂದಿಗೆ ಮಾತ್ರ ಬರುವಂಥದು. ಆ ರಾತ್ರಿ ಧಾರವಾಡಕ್ಕೆ ಫೋನ್ ಮಾಡಿ, ಅಪ್ಪನಿಗೆ ಯಾರಾದರೂ ತಮ್ಮ ಇದ್ದರೇ ಎಂದು ಅವ್ವನನ್ನು ಕೇಳಿದೆ. ನಿನಗೆ ಗೊತ್ತಿಲ್ಲದ್ದೇನಿದೆ, ನಿಮ್ಮಪ್ಪ ಒಬ್ಬನೇ ಮಗ ಎಂದಳು. ಯಾಕೆ ಕೇಳಿದೆ ಎಂದಳು. ಸುಮ್ಮನೆ ಎಂದೆ.