ಹದಿನೆಂಟು ಡಿಗ್ರಿ ಮತ್ತು ಥಂಕಮ್ಮ ಚೇಚಿಯ ಫ್ಲಾಸ್ಕ್

ಕಳೆದ ವರ್ಷ, ಅಂದರೆ 1997ರಲ್ಲಿ, ನಾನು ಕೊಚ್ಚಿಯ ಒಂದು ಸೀಗಡಿ ರಫ್ತು ಕಾರ್ಖಾನೆಯಲ್ಲಿ ಕ್ವಾಲಿಟಿ ಕಂಟ್ರೋಲ್ ಟ್ರೈನಿಯಾಗಿದ್ದೆ. ವಯಸ್ಸು ಹತ್ತೊಂಬತ್ತು, ಒಟ್ಟು ಸೇವಾವಧಿ ಹನ್ನೊಂದು ತಿಂಗಳು. ಇಷ್ಟು ಸುದೀರ್ಘ ಅನುಭವವಿದ್ದೂ ಬರೆಯದಿದ್ದರೆ ಮುಂದಿನ ಪೀಳಿಗೆಗೆ ಅನ್ಯಾಯವಾದೀತು.

ನಾವು ಉಡುಪಿ ಕಡೆಯವರು. ಅಪ್ಪನ ಬ್ಯಾಂಕ್ ವರ್ಗಾವಣೆಯಿಂದ ಕೊಚ್ಚಿಯ ಕಲೂರಿಗೆ ಬಂದಿದ್ದೆವು. ಅಲ್ಲಿಂದ ಕಾರ್ಖಾನೆಗೆ ಎರಡು ಬಸ್ಸು.

ಅಲ್ಲಿ ಅದುವರೆಗೆ ನಲವತ್ತು ಹೆಂಗಸರು ತೆರೆದ ಶೆಡ್ಡಿನಲ್ಲಿ ಕುಳಿತು, ಸೀಗಡಿಯ ಸಿಪ್ಪೆಯನ್ನೂ ನೆರೆಮನೆಯವರ ಮಾನವನ್ನೂ ಒಟ್ಟಿಗೇ ಸುಲಿದು, ಸಂಜೆಯೊಳಗೆ ನಾನೂರು ಕಿಲೋ ಮುಗಿಸುತ್ತಿದ್ದರು. ಆ ವರ್ಷ ಹೊರದೇಶದ ಖರೀದಿದಾರರು ಪಟ್ಟು ಹಿಡಿದರು: ಎ.ಸಿ. ಹಾಲ್, ಸ್ಟೀಲ್ ಮೇಜು, ಟೋಪಿ, ಮಾಸ್ಕ್. ಹಾಲ್ ಹದಿನೆಂಟು ಡಿಗ್ರಿ ದಾಟಬಾರದು. ನನ್ನ ಮೈಮೇಲೆ ಎರಡು ಸ್ವೆಟರ್, ಕೈಯಲ್ಲಿ ತೊಂಬತ್ತು ಪುಟದ ನಿಯಮಪುಸ್ತಕ, ಕೊರಳಲ್ಲಿ ಸೀಟಿ. ಅರ್ಧ ಗಂಟೆಗೊಮ್ಮೆ ಊದಿದರೆ ಎಲ್ಲರೂ ಎದ್ದು ಸೋಪು ಹಾಕಿ ಕೈ ತೊಳೆದು, ಕ್ರಿಮಿ ಸಾಯಲೆಂದು ಕ್ಲೋರಿನ್ ನೀರಿನಲ್ಲಿ ಅದ್ದಬೇಕು. ಅಷ್ಟು ಗತ್ತಿನಿಂದ ಯಾವ ರೈಲ್ವೆ ಗಾರ್ಡೂ ಸೀಟಿ ಊದಿರಲಿಕ್ಕಿಲ್ಲ.

ಮೊದಲ ವಾರ ದಿನಕ್ಕೆ ಆದದ್ದು ಬರೀ ಇನ್ನೂರ ಹತ್ತು ಕಿಲೋ. ಮ್ಯಾನೇಜರ್ ಕುರಿಯನ್ ಸಾರ್ ಕಾರಣ ಕೇಳಿದರು. ‘ಕೆಲಸಗಾರರು ಹಳೆಯ ಅಭ್ಯಾಸ ಬಿಟ್ಟಿಲ್ಲ, ಸೋಮಾರಿತನ’ ಎಂದು ನಾನು ಭರ್ಜರಿ ಇಂಗ್ಲಿಷಿನಲ್ಲಿ ವರದಿ ಬರೆದೆ. ಅವರು ಕಿಟಕಿಯಾಚೆ ಬೆರಳು ತೋರಿಸಿದರು. ಅಂಗಳದಲ್ಲಿ ಆನೆಮರಿಯಷ್ಟು ದೊಡ್ಡ ಮರದ ಪೆಟ್ಟಿಗೆ, ಒಳಗೆ ಸಿಪ್ಪೆ ಸುಲಿಯುವ ಯಂತ್ರ.

“ಶನಿವಾರದೊಳಗೆ ನಾನೂರು ಆಗ್ಲಿಲ್ವಾ, ಅದನ್ನ ಓಪನ್ ಮಾಡ್ತೇನೆ. ಅರ್ಧ ಜನ ಮನೆಗೆ.”

ಮರುದಿನ ಥಂಕಮ್ಮ ಚೇಚಿ ಸಿಕ್ಕಿಬಿದ್ದರು. ಹಾಲ್‌ನಲ್ಲಿ ಅವರೇ ಹಿರಿಯರು, ಎಲ್ಲರಿಗೂ ಚೇಚಿ, ಅಂದರೆ ಅಕ್ಕ. ಹಿಂದೆ ಮಲ್ಪೆಯ ಶೆಡ್ಡುಗಳಲ್ಲಿ ದುಡಿದು ಕನ್ನಡ ಕಲಿತಿದ್ದರು. ಹಾಲ್‌ನೊಳಗೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ; ಆದರೂ ಮೇಜಿನಡಿ ಬಿಸಿ ಜೀರಿಗೆ ನೀರಿನ ಫ್ಲಾಸ್ಕ್! ಅದರ ಬಿಸಿ ಮುಚ್ಚಳವನ್ನು ಅಂಗೈಗಳ ನಡುವೆ ಹಿಡಿದಿದ್ದರು. ಕಳ್ಳಸಾಗಣೆ ಹಿಡಿದ ಕಸ್ಟಮ್ಸ್ ಅಧಿಕಾರಿಯಂತೆ ಜಪ್ತಿ ಮಾಡಿದೆ. ಸಾಕ್ಷ್ಯದ ಪರೀಕ್ಷೆಗೆಂದು ಅರ್ಧ ಕುಡಿದೂಬಿಟ್ಟೆ.

“ರುಚಿ ಉಂಟಾ ಸಾರೇ?” ಎಂದರು ಚೇಚಿ. “ಈಗ ಆ ಸ್ವೆಟರ್ ತೆಗ್ದು ನನ್ನ ಜಾಗದಲ್ಲಿ ಕೂತ್ಕೋ ಮೋನೇ. ಹತ್ತೇ ಸೀಗಡಿ ಸುಲಿ.”

ಸಾರ್ ಹೋಗಿ ಮೋನೇ, ಅಂದರೆ ಮಗನೇ, ಆಗಿದ್ದೆ. ಮೂವತ್ತೊಂಬತ್ತು ಜನ ಮಾಸ್ಕಿನೊಳಗೆ ನಗುತ್ತಿದ್ದರು. ಕುಳಿತೆ. ಮಂಜುಗಡ್ಡೆಯಲ್ಲಿದ್ದ ಸೀಗಡಿ, ಮೇಲಿಂದ ಎ.ಸಿ. ಗಾಳಿ. ನಾಲ್ಕನೆಯದಕ್ಕೆ ಬೆರಳು ನನ್ನದೋ ಸೀಗಡಿಯದೋ ತಿಳಿಯಲಿಲ್ಲ. ಐದನೆಯದನ್ನು ಸುಲಿಯುವ ಬದಲು ಹಿಸುಕಿದೆ.

“ಶೆಡ್ಡಲ್ಲೂ ಐಸ್ ಇತ್ತು. ಆದ್ರೆ ಹೊರಗಿನ ಸೆಕೆಗೆ ಕೈ ಬಿಸಿ ಆಗ್ತಿತ್ತು,” ಎಂದರು ಚೇಚಿ. “ಕೈ ತೊಳೀಬೇಕು ಅಂತ ನಿನ್ನ ಪುಸ್ತಕ ಹೇಳ್ತದೆ. ತಣ್ಣೀರಲ್ಲೇ ತೊಳೀಬೇಕು ಅಂತ ಎಲ್ಲಿ ಉಂಟು?”

ಮರಗಟ್ಟಿದ ಬೆರಳಿನಲ್ಲಿ ತೊಂಬತ್ತು ಪುಟವನ್ನೂ ತಿರುವಿದೆ. ಎಲ್ಲೂ ಇರಲಿಲ್ಲ. ತಣ್ಣಗಿರಬೇಕಾದದ್ದು ಸೀಗಡಿ ಮತ್ತು ಹಾಲ್, ಕೈಯಲ್ಲ.

ಕುರಿಯನ್ ಸಾರ್ ಬಳಿಗೆ ಓಡಿದೆ. ಸೋಪಿನ ನಲ್ಲಿಗೆ ಉಗುರುಬೆಚ್ಚಗಿನ ನೀರು ಕೊಡೋಣ, ಆಮೇಲಿನ ಕ್ಲೋರಿನ್ ತಣ್ಣಗೇ ಇರಲಿ ಎಂದೆ.

“ಗುಡ್. ಯಾರ ಐಡಿಯಾ?”

‘ನನ್ನದೇ’ ಎಂಬ ಪದ ನಾಲಗೆಯ ತುದಿಯವರೆಗೆ ಬಂದು ಕುಳಿತಿತ್ತು. ಬೆರಳು ಇನ್ನೂ ನೋಯುತ್ತಿತ್ತು. “ಥಂಕಮ್ಮ ಚೇಚಿದು ಸಾರ್. ಆ ವರದಿ ತಪ್ಪು, ವಾಪಸ್ ಕೊಡಿ” ಎಂದೆ.

ಶುಕ್ರವಾರ ಗೀಸರ್ ಬಂತು. ನಾನು ಸೀಟಿ ಊದುವ ಮೊದಲೇ ಎಲ್ಲರೂ ನಲ್ಲಿಯ ಮುಂದೆ ಸಾಲು ನಿಂತರು. ನನ್ನ ಗತ್ತು ಅಲ್ಲಿಗೆ ಮುಗಿಯಿತು. ಶನಿವಾರ ಸಂಜೆ ತಕ್ಕಡಿ ನಾನೂರ ಹನ್ನೆರಡು ತೋರಿಸಿತು. ಕುರಿಯನ್ ಸಾರ್ ಪೆಟ್ಟಿಗೆ ತೆರೆಯಲಿಲ್ಲ. ಆಮೇಲೆ ದಿನಾ ಮಧ್ಯಾಹ್ನ ಅದರ ಮೇಲೇ ಕುಳಿತು ಹೆಂಗಸರು ಉಣ್ಣುತ್ತಿದ್ದರು.

ಈಗ ಅಪ್ಪನಿಗೆ ತಿರುವನಂತಪುರಕ್ಕೆ ವರ್ಗವಾಗಿದೆ. ಹೊರಡುವ ದಿನ ಚೇಚಿ ಅದೇ ಫ್ಲಾಸ್ಕನ್ನು ಕೈಗಿತ್ತು, “ಇನ್ನೊಬ್ರದ್ದು ಕಸಿಯೋದು ಬೇಡ, ಇದನ್ನೇ ಕುಡಿ” ಎಂದರು. ಇಲ್ಲಿ ಹೊಸ ಕೆಲಸ ಸಿಕ್ಕಿದೆ, ಹೊಸ ನಿಯಮಪುಸ್ತಕವೂ ಸಿಕ್ಕಿದೆ. ಸೀಟಿ ಊದುವ ಮೊದಲು ಊದುವವನು ಒಂದರ್ಧ ಗಂಟೆ ಕೆಲಸಗಾರರ ಮೇಜಿನಲ್ಲಿ ಕೂರಬೇಕು: ಪುಸ್ತಕದಲ್ಲಿಲ್ಲದ ಈ ಸಾಲನ್ನು ಮೊದಲ ಪುಟದಲ್ಲಿ ನಾನೇ ಬರೆದುಕೊಂಡಿದ್ದೇನೆ.