ಜೀಪಿನ ಚಾವಣಿಗೊಂದು ಮಂಚ

ಚಾವಣಿ ಬಿಚ್ಚಿಟ್ಟು ಮನೆಯಲ್ಲಿ ವಾಸಿಸುವವರನ್ನು ನೀವು ಕಂಡಿರಲಿಕ್ಕಿಲ್ಲ. ಜೀಪಿನ ಮಟ್ಟಿಗೆ ಆ ಹುಚ್ಚು ನನಗಿದೆ. ನಮ್ಮ ಸೆಕೆಂಡ್‌ಹ್ಯಾಂಡ್ ಜೀಪಿನ ಮೇಲೆ ಫೈಬರಿನ ಗಟ್ಟಿ ಚಾವಣಿ. ಪಕ್ಕದ, ಹಿಂದಿನ ಗಾಜುಗಳೆಲ್ಲ ಅದಕ್ಕೇ ಅಂಟಿಕೊಂಡಿವೆ. ಬೋಲ್ಟು ಬಿಚ್ಚಿ ಎತ್ತಿದರೆ ಗಾಡಿ ಬಟಾಬಯಲು. ಎತ್ತಿದ್ದನ್ನು ಇಡುವುದೆಲ್ಲಿ ಎಂಬುದೇ ಪ್ರಶ್ನೆ. ನೆಲಕ್ಕಿಟ್ಟರೆ ಅಂಚು ಸೀಳುತ್ತದೆ.

ಹೆಂಡತಿ ಶಾಂತಾ ಮೊದಲೇ ಕರಾರು ಹಾಕಿದ್ದಳು: "ನಿಮ್ಮ ಆಟದಾಗ ಅದಕ್ಕ ಒಂದು ಗೆರಿ ಬಿದ್ದರೂ ಜೀಪ್ ಮಾರಬೇಕು ನೋಡ್ರಿ." ತೆರೆದ ಜೀಪಿನಲ್ಲಿ ಜೇಜುರಿಗೆ ಹೋಗಿ ಖಂಡೋಬನಿಗೆ ತೂರುವ ಅರಿಶಿನ ಭಂಡಾರದಲ್ಲಿ ಮಿಂದು ಬರಬೇಕೆಂಬ ನನ್ನ ಬಹುದಿನದ ಆಸೆ ಹೀಗೆ ಒಂದು ಗೆರೆಗೆ ಜೋತುಬಿತ್ತು.

ಬಿಚ್ಚಿದ ಚಾವಣಿ ಇಡಲು ಅಂಗಡಿಯಲ್ಲಿ ಸ್ಟ್ಯಾಂಡು ಸಿಗುತ್ತದೆ. ಕೊಳ್ಳಬೇಡಿ. ಬರಿಗೈಲಿ ಈ ಮರಾಠಿ ಸೀಮೆಗೆ ಬಂದು ಸದಾಶಿವ ಪೇಠೆಯಲ್ಲಿ ಪಾತ್ರೆ ಅಂಗಡಿ ಕಟ್ಟಿದವನ ಮಾತಿದು, ನಂಬಿ. ಧನಕವಡಿಯ ಗುಜರಿಯಲ್ಲಿ ಆಸ್ಪತ್ರೆಯ ಹಳೆಯ ಕಬ್ಬಿಣದ ಮಂಚ ಕಣ್ಣಿಗೆ ಬಿತ್ತು, ಗಾಲಿ ಸಮೇತ. ಗುಜರಿಯಲ್ಲಿ ಬೇಕಾದದ್ದರ ಕಡೆ ಮಾತ್ರ ನೋಡಲೇಬಾರದು. ನಾನು ಒಂದು ತುಕ್ಕು ಹಿಡಿದ ಕೂಲರನ್ನು ದಿಟ್ಟಿಸುತ್ತ ಮಂಚದ ಬೆಲೆ ಇಳಿಸಿದೆ. ಮನೆಗೆ ತಂದು, ಅದರ ಮೇಲೆ ಮರದ ತೊಲೆ ಬಿಗಿದು, ಸೈಕಲ್ ಟ್ಯೂಬು ಸುತ್ತಿದೆ. ಭಾರ ತಡೆಯುತ್ತದೋ ನೋಡೋಣವೆಂದು ಪಾರ್ಕಿಂಗಿನಲ್ಲೇ ಅದರ ಮೇಲೆ ಅಂಗಾತ ಮಲಗಿದ್ದಾಗ ಕೆಳಮನೆಯ ಕಾಕಾ ಓಡಿಬಂದರು: "ಕಾಯ್ ಹೋ, ತಬ್ಯೇತ್ ಬರೀ ನಾಹೀ ಕಾ?" ಮೈಯಲ್ಲಿ ಹುಷಾರಿದೆಯೆಂದು ನಂಬಿಸಲು ಎದ್ದು ಎರಡು ಬಸ್ಕಿ ಹೊಡೆಯಬೇಕಾಯಿತು.

ಭಾನುವಾರ ಕಾಕಾ, ಮೇಲ್ಮನೆಯ ಬೆಂಗಳೂರು ಹುಡುಗ ವಿನಯ್, ಶಾಂತಾ, ನಾನು ನಾಲ್ಕು ಮೂಲೆ ಹಿಡಿದೆವು. ವಿನಯ್ "ಒನ್, ಟೂ, ತ್ರೀ" ಎಂದ. ಕಾಕಾ ಮೂರಕ್ಕೇ ಎತ್ತಿದರು. ಶಾಂತಾ ಮೂರು ಮುಗಿಯಲೆಂದು ಕಾದಳು. ಚಾವಣಿ ಓರೆಯಾಗಿ ಕಿರುಗುಟ್ಟಿತು.

"ಸಾಕ್ ಮಾಡಪ್ಪಾ ನಿನ್ನ ಲೆಕ್ಕ!" ಎಂದವಳೇ ಶಾಂತಾ "ಯೇಳಕೋಟ ಯೇಳಕೋಟ!" ಎಂದು ಕೂಗಿದಳು. "ಜಯ ಮಲ್ಹಾರ!" ಎಂದರು ಕಾಕಾ. ಖಂಡೋಬನ ಆ ಘೋಷಕ್ಕೆ ಎಂಟು ಕೈಗಳೂ ಒಂದೇ ಕೈಯಾದವು. ಅಷ್ಟು ದೊಡ್ಡ ವಸ್ತು ಹೂವಿನ ಬುಟ್ಟಿಯಂತೆ ಮೇಲೆದ್ದಿತು.

ಮಂಚದ ಮೇಲಿಟ್ಟೆವು. "ಅಂಕಲ್, ಬಿಡ್ಬೇಡಿ! ಮುಂದೆ ಗಾಳೀಲಿದೆ!" ಎಂದು ವಿನಯ್ ಚೀರಿದ. ಪಕ್ಕ, ಹಿಂಭಾಗ ಅಳೆದಿದ್ದೆ. ಮುಂದಿನ ಅಂಚು ಜೀಪಿನಲ್ಲಿ ಮುಂಗಾಜಿನ ಚೌಕಟ್ಟಿನ ಮೇಲೆ, ಅಷ್ಟೆತ್ತರದಲ್ಲಿ ಕೂರುತ್ತದೆಂಬುದು ಹೊಳೆದೇ ಇರಲಿಲ್ಲ. ನಾನು ಒಳಗೆ ನುಸುಳಿ, ಮೊಣಕಾಲೂರಿ, ಹೆಗಲು ಕೊಟ್ಟೆ.

ಐಹೊಳೆಯಲ್ಲಿ ಗುಡಿಯ ಕಂಬಗಳ ಕೆತ್ತನೆ ನೋಡಿ ತಲೆದೂಗಿದ್ದೇನೆ. ಅವು ಮೇಲೇನೋ ಹೊತ್ತಿವೆ ಎಂಬುದು ಆಗ ತಲೆಗೆ ಬಂದಿರಲಿಲ್ಲ. ಈಗ ನನ್ನ ಹೆಗಲ ಮೇಲೆ ಭಾರ, ಮೂರು ಬದಿ ಗಾಜಿನಿಂದ ಸೋಸಿ ಬಂದ ಬೆಳಕು, ಕಮಾನಿನಂತೆ ಬಾಗಿದ ಆ ಒಳಮೈ. ದಿನಾ ನೆತ್ತಿಯ ಮೇಲೇ ಇತ್ತು. ಒಮ್ಮೆಯೂ ಕತ್ತೆತ್ತಿ ನೋಡಿರಲಿಲ್ಲ. ಕಂಬವಾದ ಮೇಲೆಯೇ ಚಾವಣಿ ಕಂಡದ್ದು.

"ಹೆಂಗ ಅದಾರ ಕಂಬಪ್ಪನವರು?" ಎನ್ನುತ್ತ ಶಾಂತಾ ಸ್ಟೂಲು ತಂದಳು, ಅದರ ಮೇಲೆ ಜೋಳ ತುಂಬಿದ ಡಬ್ಬಿ, ಮೇಲೆ ಮಡಚಿದ ಕೌದಿ. ಚಾವಣಿ ಮೆತ್ತಗೆ ಕುಳಿತಿತು. (ನೀವು ಮಾಡಿಸುವಾಗ ಮುಂದಿನ ಎರಡು ಕಾಲು ಎತ್ತರ ಇಡಿ. ನಾನು ಆಮೇಲೆ ಬೆಸುಗೆ ಹಾಕಿಸಿದೆ.) ಅವಳು ಅಂಚಿನ ಮೇಲೆ ಸುತ್ತ ಬೆರಳಾಡಿಸುತ್ತ ಹೋದಳು. ನಾನು ಅವಳ ಹಿಂದೆ ಹಿಂದೆಯೇ ಸುತ್ತಿದೆ.

"ಗೆರಿ ಇಲ್ಲ. ನಡ್ರಿ ಜೇಜುರಿಗೆ."

ದಿವೆ ಘಾಟಿನ ತಿರುವಿನಲ್ಲಿ ಸೆರಗು ಹಾರಿಸಿಕೊಂಡು ತಲೆ ಹಿಂದಕ್ಕೆ ಚೆಲ್ಲಿ ಕೂತಳು ಶಾಂತಾ. ಆಮೇಲೆ ಮೆಲ್ಲಗೆ, "ಇಷ್ಟೊಂದು ಆಕಾಶ ಮೊದಲಿಂದನೂ ಇತ್ತೇನ್ರಿ?" ಎಂದಳು.

ಚಾವಣಿ ಇನ್ನೂ ಮಂಚದ ಮೇಲೇ ಇದೆ. "ಮೋಡ ಆಗ್ಯಾವ, ಇವತ್ತರ ಹಾಕೂಣು, ಮಳಿ ಬರ್ತದ" ಎಂದು ದಿನಾ ಬೆಳಿಗ್ಗೆ ಅವಳಿಗೆ ಹೇಳಿ ನೋಡುತ್ತೇನೆ.

"ಬರಲಿ ತಗೋರಿ," ಎನ್ನುತ್ತಾಳೆ.